ಏಳು ದಿನ ಮುಗಿದಿದೆ, ಇನ್ನು ಹಣ ವಾಪಸ್ ಇಲ್ಲ ಎನ್ನುತ್ತಿದ್ದಾರೆ

ರುಬ್ಬುಗುಂಡು | ಜೂನ್ 14, ರಾತ್ರಿ 9.20

ಹಾಸನದಿಂದ ಬರೆಯುತ್ತಿದ್ದೇನೆ. ಮೇ 26ರಂದು ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ತರಿಸಿದೆ. ಬೆಲೆ 3,849 ರೂಪಾಯಿ, ಯುಪಿಐನಲ್ಲಿ ಮೊದಲೇ ಕೊಟ್ಟಿದ್ದೇನೆ. 30ರಂದು ಮನೆಗೆ ಬಂತು. ಹೊಸ ಕಲ್ಲು, ಮೊದಲು ಎರಡು ಸಲ ಅಕ್ಕಿ ಹಾಕಿ ರುಬ್ಬಿ ಚೆಲ್ಲಬೇಕು ಎಂದು ಅತ್ತೆ ಹೇಳಿದರು, ಹಾಗೆಯೇ ಮಾಡಿದೆ. ಜೂನ್ 7, ಭಾನುವಾರ, ತಿನ್ನುವುದಕ್ಕೆಂದು ಮೊದಲ ಬಾರಿ ಉದ್ದು ರುಬ್ಬಿದೆ. ಬಿಳಿ ಹಿಟ್ಟಿನಲ್ಲಿ, ನಡುವಿನ ಕಂಬದ ಸುತ್ತ, ಪೆನ್ಸಿಲಿನಲ್ಲಿ ಎಳೆದಂತೆ ಒಂದು ಬೂದು ಗೆರೆ ಕಂಡಿತು. ಕಲ್ಲಿನ ಪುಡಿ ಇರಬೇಕು ಎಂದುಕೊಂಡು ಅಷ್ಟು ಭಾಗ ತೆಗೆದು ಹಾಕಿದೆ. ಬುಧವಾರ ಮತ್ತೆ ರುಬ್ಬಿದಾಗ ಗೆರೆ ದಪ್ಪವಾಗಿತ್ತು, ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟಿತು. ಹತ್ತು ನಿಮಿಷಕ್ಕೆ ಪಾತ್ರೆ ತಿರುಗುವುದೇ ನಿಂತಿತು. ಮೋಟಾರು ಮಾತ್ರ ಒಳಗೆ ಗುಂಯ್ ಎನ್ನುತ್ತಿತ್ತು, ಜೊತೆಗೆ ಸುಟ್ಟ ವಾಸನೆ.

ಆ್ಯಪ್ ತೆರೆದರೆ, ಹಿಂದಿರುಗಿಸುವ ಅವಧಿ ಜೂನ್ 6ಕ್ಕೆ ಮುಗಿದಿದೆ ಎಂದು ಬಂತು. ಸಹಾಯವಾಣಿಯವರು ತಯಾರಕರನ್ನು ಕೇಳಿ ಎಂದರು. ತಯಾರಕರು ನಮ್ಮ ಸರ್ವಿಸ್ ಸೆಂಟರ್ ಕೊಯಮತ್ತೂರಿನಲ್ಲಿದೆ, ನಿಮ್ಮ ಖರ್ಚಿನಲ್ಲಿ ಕಳಿಸಿ, ರಿಪೇರಿ ಮಾಡಿಕೊಡುತ್ತೇವೆ ಎಂದರು. ಕಲ್ಲು ಸೇರಿ ಹತ್ತು ಕಿಲೋ ಮೀರಿದ ಪೆಟ್ಟಿಗೆ ಅದು. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ರುಬ್ಬುವ ಮನೆಯಲ್ಲಿ ಗ್ರೈಂಡರಿನ ಗುಣ ಏಳು ದಿನದಲ್ಲಿ ತಿಳಿಯುವುದು ಹೇಗೆ? ನನಗೆ ರಿಪೇರಿ ಬೇಡ, ಹಣ ಬೇಕು. ದಾರಿ ಇದೆಯೇ?

ಕೊಪ್ಪದ ಕಾಫಿ | ಜೂನ್ 14, ರಾತ್ರಿ 9.48

ಐನೂರು ರೂಪಾಯಿ ಉಳಿಸಲು ಹೋಗಿ ಮೂರು ಸಾವಿರದ ಎಂಟುನೂರು ಕಳೆದುಕೊಂಡಿರಿ. ಹಾಸನದ ಪೇಟೆಯಲ್ಲೇ ಕೊಂಡಿದ್ದರೆ ಆಟೊದಲ್ಲಿ ಹಾಕಿಕೊಂಡು ಹೋಗಿ ಅಂಗಡಿಯವನ ಮುಂದೆ ಇಡಬಹುದಿತ್ತು. ಮರೆತುಬಿಡಿ.

ನಿವೃತ್ತ ಗುಮಾಸ್ತ | ಜೂನ್ 14, ರಾತ್ರಿ 10.35

ಮರೆಯುವ ಅಗತ್ಯವೇನೂ ಇಲ್ಲ, ತಾಯಿ. ಇಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ, ಅವರಿಗೆ ಬೇಕಾಗಿರುವುದೂ ಅದೇ.

ಏಳು ದಿನದ ಅವಧಿ ಎಂಬುದು ತಾಣ ತಾನಾಗಿ ಕೊಡುವ ಸೌಲಭ್ಯ. ದೋಷವಿರುವ ಸರಕಿನ ಮಾತು ಬೇರೆ. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ 6ನೇ ನಿಯಮವನ್ನು ಓದಿ. ಸರಕು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳು ಅದರಲ್ಲಿ ಇಲ್ಲದಿದ್ದರೆ, ಅದನ್ನು ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಇಂಥ ನಿರಾಕರಣೆಯನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಆ ಅವಧಿ, ಇಲ್ಲದಿದ್ದರೆ 30 ದಿನ. ಆದ್ದರಿಂದ ನನ್ನ ಮೊದಲ ಪ್ರಶ್ನೆ: ನಿಮ್ಮ ಬಿಲ್ಲಿನಲ್ಲಿ ಏಳು ದಿನ ಎಂದು ಬರೆದಿದೆಯೇ? ಆ್ಯಪಿನ ಪುಟದ ಮಾತಲ್ಲ, ಬಿಲ್ಲಿನ ಮಾತು.

ಎರಡನೆಯದು, ಸಹಾಯವಾಣಿಯ ಹುಡುಗರೊಡನೆ ಮಾತಾಡಿ ಗಂಟಲು ಒಣಗಿಸಿಕೊಳ್ಳಬೇಡಿ. ಪ್ರತಿ ತಾಣಕ್ಕೂ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವರ ಹೆಸರು, ಸಂಪರ್ಕ ವಿವರಗಳನ್ನು ತಾಣದಲ್ಲಿ ಪ್ರಕಟಿಸಲೇಬೇಕು. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ, ಭೂತಗನ್ನಡಿ ಹಿಡಿದು ಹುಡುಕಬೇಕಾದಂಥ ಜಾಗದಲ್ಲಿ ಇರುತ್ತದೆ. ದೂರು ತಲುಪಿದೆ ಎಂದು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅವರಿಗೆ ಮಿಂಚಂಚೆ ಕಳಿಸಿ.

ಸೋಲ್ಡರಿಂಗ್ ಕಡ್ಡಿ | ಜೂನ್ 14, ರಾತ್ರಿ 11.10

ದಾವಣಗೆರೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತೇನೆ. ಕಾನೂನು ನನಗೆ ತಿಳಿಯದು, ಯಂತ್ರದ ಬಗ್ಗೆ ಹೇಳುತ್ತೇನೆ.

ನೀವು ಹೇಳುವ ಬೂದು ಗೆರೆ ಕಲ್ಲಿನ ಪುಡಿಯಲ್ಲ. ಕಲ್ಲಿನ ಪುಡಿ ಹಿಟ್ಟಿನಲ್ಲೆಲ್ಲ ಹರಡುತ್ತದೆ, ಹಲ್ಲಿಗೆ ಗರಗರ ಸಿಗುತ್ತದೆ. ಕಂಬದ ಸುತ್ತ ಮಾತ್ರ ಗೆರೆ ಬಂದು ಜಿಡ್ಡು ಅಂಟುತ್ತಿದೆ ಎಂದರೆ ಬೇರಿಂಗಿನ ಗ್ರೀಸ್ ಮೇಲಕ್ಕೆ ಬರುತ್ತಿದೆ, ಸೀಲ್ ಸರಿಯಾಗಿ ಕೂತಿಲ್ಲ. ಅದು ನಿಮ್ಮ ಬಳಕೆಯಿಂದ ಆದದ್ದಲ್ಲ. ಆ ಹಿಟ್ಟನ್ನು ದಯವಿಟ್ಟು ತಿನ್ನಬೇಡಿ.

ಪಾತ್ರೆ ನಿಂತು ಮೋಟಾರು ಮಾತ್ರ ಸದ್ದು ಮಾಡಿದರೆ ಬೆಲ್ಟ್ ಜಾರುತ್ತಿದೆ ಅಥವಾ ಬೇರಿಂಗ್ ಹಿಡಿದುಕೊಂಡಿದೆ. ವಾಸನೆ ಎಂಥದ್ದು? ಸೈಕಲ್ ಟ್ಯೂಬ್ ಸುಟ್ಟಂತಿದ್ದರೆ ಬೆಲ್ಟ್. ಮೂಗಿಗೆ ಹತ್ತುವ ಘಾಟು ವಾರ್ನಿಷ್ ವಾಸನೆಯಾದರೆ ವೈಂಡಿಂಗ್, ಅಂದರೆ ಮೋಟಾರಿನ ತಂತಿಯ ಸುರುಳಿ, ಹೋಗುತ್ತಿದೆ.

ಮುಖ್ಯವಾದ ಮಾತು: ತಳದ ಸ್ಕ್ರೂ ಬಿಚ್ಚಬೇಡಿ, ನನ್ನಂಥವರ ಕೈಯಲ್ಲೂ ಬಿಚ್ಚಿಸಬೇಡಿ. ಒಂದು ಸ್ಕ್ರೂವಿನ ಮೇಲೆ ಬಣ್ಣದ ಚುಕ್ಕೆಯೋ ಸಣ್ಣ ಸ್ಟಿಕ್ಕರೋ ಇರುತ್ತದೆ. ಅದು ಒಡೆದರೆ ‘ಹೊರಗಿನವರು ಕೈ ಹಾಕಿದ್ದಾರೆ’ ಎಂದು ಅಲ್ಲಿಗೆ ಮುಗಿಸುತ್ತಾರೆ. ಪಾತ್ರೆಯನ್ನು ಚೆನ್ನಾಗಿ ತೊಳೆದು ಒಂದು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸಿ ವಿಡಿಯೊ ಮಾಡಿ. ಗ್ರೀಸ್ ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲುತ್ತದೆ, ಹಿಟ್ಟಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಅದೇ ವಿಡಿಯೊದಲ್ಲಿ, ನಿಲ್ಲಿಸದೆ, ತಳದ ಪಟ್ಟಿಯಲ್ಲಿರುವ ಕ್ರಮಸಂಖ್ಯೆಯನ್ನೂ ತೋರಿಸಿ. ನಡುವೆ ಪಾತ್ರೆ ನಿಂತರೆ ತಕ್ಷಣ ಸ್ವಿಚ್ ಆರಿಸಿ.

ರುಬ್ಬುಗುಂಡು | ಜೂನ್ 15, ಬೆಳಿಗ್ಗೆ 7.05

ಇಬ್ಬರಿಗೂ ನಮಸ್ಕಾರ. ಬಿಲ್ಲನ್ನು ಎರಡು ಸಲ ಓದಿದೆ. ಜಿಎಸ್‌ಟಿ ಸಂಖ್ಯೆ ಇದೆ, ಮಾರಾಟಗಾರರ ಹೆಸರು ಇದೆ (ಗ್ರೈಂಡರಿನ ಮೇಲಿನ ಹೆಸರಿಗೂ ಇದಕ್ಕೂ ಸಂಬಂಧವೇ ಇಲ್ಲ!), ಏಳು ದಿನದ ಪ್ರಸ್ತಾಪ ಎಲ್ಲೂ ಇಲ್ಲ. ನೀರು ಹಾಕಿ ಓಡಿಸಿದೆ. ಮಳೆ ಬಂದಾಗ ಬಸ್ ನಿಲ್ದಾಣದ ನೆಲದಲ್ಲಿ ಡೀಸೆಲ್ ತೇಲುತ್ತದಲ್ಲ, ಥೇಟ್ ಹಾಗೆಯೇ. ವಾಸನೆ ಸೈಕಲ್ ಟ್ಯೂಬಿನದು.

ಕೊಪ್ಪದವರಿಗೆ: ಪೇಟೆಯಲ್ಲಿ ಇದೇ ಗಾತ್ರದ್ದು 4,900 ಇತ್ತು. ಐನೂರಲ್ಲ, ಸಾವಿರದ ಐವತ್ತೊಂದು ರೂಪಾಯಿ ಉಳಿಸಲು ಹೋಗಿದ್ದೆ. ಬೈಯುವುದಾದರೆ ಲೆಕ್ಕ ಸರಿಯಾಗಿ ಹಾಕಿ ಬೈಯಿರಿ.

ಕರಾವಳಿ ಮಳೆ | ಜೂನ್ 15, ಬೆಳಿಗ್ಗೆ 10.22

ಗುಮಾಸ್ತರು ಹೇಳಿದಷ್ಟು ಸಲೀಸಲ್ಲ. ಕೊಳ್ಳುವಾಗ ಷರತ್ತುಗಳಿಗೆ ಒಪ್ಪಿಗೆ ಎಂದು ಗುರುತು ಹಾಕಿರುತ್ತೇವೆ. ಏಳು ದಿನವೆಂಬುದು ಆ ಷರತ್ತಿನಲ್ಲಿದೆ. ಅಲ್ಲದೆ 6ನೇ ನಿಯಮ ಹೇಳುವುದು ಮಾರಾಟಗಾರನಿಗೆ, ತಾಣಕ್ಕಲ್ಲ. ತಾಣದವರು ‘ನಾವು ಬರೀ ಸಂತೆಯ ಜಾಗ ಕೊಟ್ಟವರು, ವ್ಯಾಪಾರ ನಿಮ್ಮಿಬ್ಬರ ನಡುವಿನದು’ ಎನ್ನುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಮಧ್ಯವರ್ತಿಗಳಿಗೆ ರಕ್ಷಣೆ ಕೊಡುತ್ತದೆ ಎಂದು ವಾದಿಸುತ್ತಾರೆ. ನನ್ನ ತಮ್ಮನ ಹೆಡ್‌ಫೋನ್ ವಿಚಾರದಲ್ಲಿ ಇದೇ ಉತ್ತರ ಬಂದಿತ್ತು, ಆರು ತಿಂಗಳು ಅಲೆದು ಕೈಬಿಟ್ಟ.

ನಿವೃತ್ತ ಗುಮಾಸ್ತ | ಜೂನ್ 15, ಮಧ್ಯಾಹ್ನ 12.40

ಕರಾವಳಿಯವರ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. 6ನೇ ನಿಯಮ ಮಾರಾಟಗಾರನನ್ನೇ ಕಟ್ಟಿಹಾಕುತ್ತದೆ, ನಿಜ. ಅದಕ್ಕಾಗಿಯೇ ಪತ್ರ ಇಬ್ಬರಿಗೂ ಹೋಗಬೇಕು. ಆದರೆ ತಾಣದ ಮೇಲೂ ಹೊಣೆಯಿದೆ. ಮಾರಾಟಗಾರನ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ ತೋರಿಸಬೇಕು, ಕೊಂಡವರು ಲಿಖಿತವಾಗಿ ಕೇಳಿದರೆ ಅವನ ಪ್ರಧಾನ ಕಚೇರಿಯ ವಿಳಾಸ, ಮಿಂಚಂಚೆ ಕೊಡಬೇಕು, ಪ್ರತಿ ದೂರಿಗೂ ಒಂದು ಸಂಖ್ಯೆ ಕೊಟ್ಟು ಅದು ಎಲ್ಲಿಗೆ ಬಂತೆಂದು ತಿಳಿಯುವಂತೆ ಮಾಡಬೇಕು. ಇದು 5ನೇ ನಿಯಮ. ಷರತ್ತಿಗೆ ಗುರುತು ಹಾಕಿದ ಮಾತ್ರಕ್ಕೆ ಕಾಯ್ದೆ ಕೊಟ್ಟ ಹಕ್ಕು ಆವಿಯಾಗುವುದಿಲ್ಲ. ಮನಸ್ಸು ಬದಲಾಯಿಸಿ ವಾಪಸ್ ಕೊಡುವವರಿಗೆ ಆ ಏಳು ದಿನ ಅನ್ವಯಿಸಲಿ, ನಮ್ಮ ತಕರಾರಿಲ್ಲ. ಗ್ರೀಸ್ ಬೆರೆತ ಹಿಟ್ಟಿಗೆ ಅನ್ವಯಿಸುವುದಿಲ್ಲ.

ಸಂತೆಯ ಜಾಗದ ಮಾತು ಬಂತು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗುಣಮಟ್ಟದ ಆದೇಶಕ್ಕೆ ಹೊಂದದ ಪ್ರೆಶರ್ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕಾಗಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಒಂದರಲ್ಲಿ 2,265 ಕುಕ್ಕರು, ಇನ್ನೊಂದರಲ್ಲಿ 598. ಕೊಂಡವರಿಗೆಲ್ಲ ವಿಷಯ ತಿಳಿಸಿ, ವಾಪಸ್ ಪಡೆದು ಹಣ ಮರಳಿಸಿ ಎಂದೂ ಆದೇಶಿಸಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು, ಅದು ಅವರ ಹಕ್ಕು. ಆದರೆ ‘ಜಾಗ ಕೊಟ್ಟವರು ಮಾತ್ರ’ ಎಂಬ ವಾದವನ್ನು ಪ್ರಾಧಿಕಾರ ಒಪ್ಪಲಿಲ್ಲ ಎಂಬುದನ್ನು ಗಮನಿಸಿ.

ಪತ್ರ ಉದ್ದ ಬೇಡ, ಸಿಟ್ಟೂ ಬೇಡ. ಹೀಗೆ ಬರೆಯಿರಿ: ‘ಇಂಥ ದಿನಾಂಕದಂದು ಇಂಥ ಆರ್ಡರ್ ಸಂಖ್ಯೆಯಲ್ಲಿ ಕೊಂಡ ಗ್ರೈಂಡರಿನಲ್ಲಿ ಬೇರಿಂಗಿನ ಗ್ರೀಸ್ ಆಹಾರಕ್ಕೆ ಸೇರುತ್ತಿದೆ, ಪಾತ್ರೆ ತಿರುಗದೆ ನಿಲ್ಲುತ್ತಿದೆ. ಚಿತ್ರ, ವಿಡಿಯೊ, ಬಿಲ್ ಲಗತ್ತಿಸಿದೆ. ಇದು ತಯಾರಿಕೆಯ ದೋಷ. 2020ರ ಇ-ವಾಣಿಜ್ಯ ನಿಯಮಗಳ 6ನೇ ನಿಯಮದಂತೆ ಸರಕನ್ನು ನಿಮ್ಮ ಖರ್ಚಿನಲ್ಲಿ ಹಿಂಪಡೆದು 3,849 ರೂಪಾಯಿಗಳನ್ನು ಪಾವತಿ ಬಂದ ಖಾತೆಗೇ ಮರಳಿಸಬೇಕು. ರಿಪೇರಿಗೆ ನನ್ನ ಸಮ್ಮತಿ ಇಲ್ಲ. ಮಾರಾಟಗಾರರ ಪೂರ್ಣ ವಿಳಾಸ ಕೊಡಿ.’ ಅಷ್ಟೇ. ಜೂನ್ 29ಕ್ಕೆ ನಿಮ್ಮ ಕೈಗೆ ಬಂದು 30 ದಿನ. ಅದಕ್ಕೆ ಮೊದಲೇ ಕಳಿಸಿ. ಮಾರಾಟಗಾರನಿಗೆ ಸ್ಪೀಡ್ ಪೋಸ್ಟಿನಲ್ಲೂ ಒಂದು ಪ್ರತಿ ಹಾಕಿ ರಸೀದಿ ಇಟ್ಟುಕೊಳ್ಳಿ.

ಗೊಂಬೆ ಅಂಗಡಿ | ಜೂನ್ 15, ಸಂಜೆ 4.15

ಮಾರುವವರ ಕಡೆಯದನ್ನೂ ಕೇಳಿ. ಚನ್ನಪಟ್ಟಣದ ಗೊಂಬೆಗಳನ್ನು ಎರಡು ತಾಣಗಳಲ್ಲಿ ಮಾರುತ್ತೇನೆ. ಕಳೆದ ದೀಪಾವಳಿಗೆ ಅರಗಿನ ಬಣ್ಣದ ಹೊಸ ರೈಲು ಕಳಿಸಿದೆ, ವಾಪಸ್ ಬಂದದ್ದು ಚಕ್ರ ಮುರಿದ ಪ್ಲಾಸ್ಟಿಕ್ ಕಾರು. ತಾಣದವರು ಕೊಂಡವರಿಗೆ ಹಣ ಕೊಟ್ಟರು, ನನ್ನ ಲೆಕ್ಕದಿಂದ ಮುರಿದುಕೊಂಡರು, ಹೋಗಿ ಬಂದ ಸಾಗಾಣಿಕೆಯನ್ನೂ ನನ್ನ ತಲೆಗೇ ಕಟ್ಟಿದರು. ಹತ್ತರಲ್ಲಿ ಒಬ್ಬರು ಹೀಗೆ ಮಾಡಿದರೂ ಉಳಿದ ಒಂಬತ್ತು ಮಂದಿಯನ್ನು ಸಂಶಯದಿಂದ ನೋಡುವಂತಾಗುತ್ತದೆ. ಈ ಅಕ್ಕನ ಗ್ರೈಂಡರ್ ಕೆಟ್ಟಿದ್ದು ನಿಜವಿರಬಹುದು, ನಾನು ಅನುಮಾನಿಸುತ್ತಿಲ್ಲ. ಆದರೆ ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ಮಾಡಿ ಎಂದು ನಾವು ಬೇಡಿಕೊಳ್ಳುವುದು ಇದಕ್ಕೇ.

ಕೊಪ್ಪದ ಕಾಫಿ | ಜೂನ್ 15, ಸಂಜೆ 4.31

ಪೆಟ್ಟಿಗೆ ಬಿಚ್ಚುವ ವಿಡಿಯೊದಲ್ಲಿ ಹತ್ತು ದಿನದ ನಂತರ ಸೋರುವ ಗ್ರೀಸ್ ಕಾಣುತ್ತದೆಯೇ? ನಾನು ಪೇಟೆಯ ಪರ, ಆದರೆ ಇದು ಅನ್ಯಾಯ.

ಗೊಂಬೆ ಅಂಗಡಿ | ಜೂನ್ 15, ಸಂಜೆ 4.50

ಅದೂ ಸರಿಯೇ. ನನ್ನ ರೈಲಿಗೆ ಗ್ರೀಸ್ ಇಲ್ಲವಲ್ಲ, ಹೊಳೆಯಲಿಲ್ಲ.

ಅಂಚೆ ಡಬ್ಬಿ | ಜೂನ್ 16, ಬೆಳಿಗ್ಗೆ 8.30

ಇಷ್ಟೆಲ್ಲ ಏಕೆ? ಬ್ಯಾಂಕಿಗೆ ದೂರು ಕೊಡಿ. ಯುಪಿಐ ಹಣ ಐದು ದಿನದಲ್ಲಿ ಬರದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವೇ ಇದೆ.

ಚಿಲ್ಲರೆ ಕೌಂಟರ್ | ಜೂನ್ 16, ಬೆಳಿಗ್ಗೆ 9.12

ಬ್ಯಾಂಕಿನಲ್ಲೇ ಇದ್ದೇನೆ, ದಿನಕ್ಕೆ ನಾಲ್ಕು ಮಂದಿ ಇದನ್ನು ಹೇಳಿಕೊಂಡು ಬರುತ್ತಾರೆ. ಆ 2019ರ ಆದೇಶ ವಿಫಲವಾದ ವಹಿವಾಟಿಗೆ. ನಿಮ್ಮ ಖಾತೆಯಿಂದ ಹಣ ಹೋಗಿ ಅಂಗಡಿಗೆ ದೃಢೀಕರಣ ತಲುಪದಿದ್ದಾಗ ಮಾತ್ರ. ಇಲ್ಲಿ ಪಾವತಿ ಸರಿಯಾಗಿಯೇ ಆಗಿದೆ, ಸರಕು ಕೆಟ್ಟಿದೆ. ಅದಕ್ಕೆ ದಿನಕ್ಕೆ ನೂರು ಬರುವುದಿಲ್ಲ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನಲ್ಲಿ ತಕರಾರು ಅರ್ಜಿ ಹಾಕಿ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕವೇ ಹಣ ವಾಪಸ್, ಕೇಳಬಹುದಿತ್ತು. ಅದಕ್ಕೂ ಗಡುವು ಇರುತ್ತದೆ, ತಡಮಾಡಬಾರದು.

ನಮ್ಮ ಕೌಂಟರಿಗೆ ಉಪಯೋಗಕ್ಕೆ ಬರುವ ಒಂದು ವಿಷಯ ಹೇಳುತ್ತೇನೆ. ಆ್ಯಪಿನಲ್ಲಿ ‘ಹಣ ಮರಳಿಸಲಾಗಿದೆ’ ಎಂದು ಹಸಿರು ಅಕ್ಷರ ಬಂದು ಖಾತೆಗೆ ಏನೂ ಬರದಿದ್ದರೆ, ಸುಮ್ಮನೆ ಬ್ಯಾಂಕಿಗೆ ಬಂದು ಜಗಳವಾಡಬೇಡಿ. ತಾಣದವರಿಂದ ಹಣ ಮರಳಿಸಿದ ವಹಿವಾಟಿನ ಸಂಖ್ಯೆ ಕೇಳಿ. ಯುಪಿಐ ಆದರೆ 12 ಅಂಕಿಯ ಯುಟಿಆರ್, ಕಾರ್ಡ್ ಆದರೆ 23 ಅಂಕಿಯ ಎಆರ್‌ಎನ್. ಆ ಸಂಖ್ಯೆ ತಂದರೆ ನಾವು ಹುಡುಕಿ ಹೇಳಬಹುದು. ಸಂಖ್ಯೆ ಕೊಡಲು ತಡವರಿಸಿದರೆ ಹಣ ಅಲ್ಲಿಂದ ಹೊರಟೇ ಇಲ್ಲವೆಂದು ತಿಳಿಯಿರಿ.

ರುಬ್ಬುಗುಂಡು | ಜೂನ್ 17, ಸಂಜೆ 6.40

ಇಂದು ಒಂದು ಎಡವಟ್ಟು ಆಗುವುದರಲ್ಲಿತ್ತು. ಮಿಂಚಂಚೆಗೆ ‘ತಲುಪಿದೆ’ ಎಂಬ ಉತ್ತರ ಬಂದಿತ್ತು, ಜೊತೆಗೆ ಫೋನಿನಲ್ಲೂ ಮಾತಾಡೋಣ ಎಂದು ಮಾರಾಟಗಾರನ ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕಿದೆ. ಸಿಕ್ಕ ಸಂಖ್ಯೆಗೆ ಕರೆ ಮಾಡಿದರೆ ಬಹಳ ನಯವಾಗಿ, ‘ಮೇಡಂ, ಹಣ ಸಿದ್ಧವಿದೆ, ಒಂದು ಆ್ಯಪ್ ಹಾಕಿಕೊಳ್ಳಿ, ಪರದೆ ಹಂಚಿಕೊಳ್ಳಿ, ನಾನು ಕಳಿಸುವ ಕೋರಿಕೆಗೆ ಪಿನ್ ಒತ್ತಿ, 3,849 ಬಂದು ಬೀಳುತ್ತದೆ’ ಎಂದ. ಆ್ಯಪ್ ಇಳಿಸುತ್ತಿದ್ದೆ. ಮಗಳು ಪಕ್ಕದಲ್ಲಿದ್ದಳು. ‘ಅಮ್ಮ, ಹಣ ಬರುವುದಕ್ಕೆ ಪಿನ್ ಯಾಕೆ?’ ಎಂದಳು. ಕೈ ನಡುಗಿತು. ಕರೆ ಕತ್ತರಿಸಿದೆ.

ಚಿಲ್ಲರೆ ಕೌಂಟರ್ | ಜೂನ್ 17, ಸಂಜೆ 6.52

ಮಗಳಿಗೆ ಒಂದು ಮೈಸೂರುಪಾಕು ಕೊಡಿಸಿ. ಹಣ ಪಡೆಯುವುದಕ್ಕೆ ಪಿನ್ ಎಂದೂ ಬೇಡ. ಇಳಿಸಿದ್ದನ್ನು ತೆಗೆದುಹಾಕಿ. ಯಾರಿಗಾದರೂ ಹೀಗೆ ಹಣ ಹೋಗಿದ್ದರೆ ಗಂಟೆಗಳನ್ನು ಎಣಿಸದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಾರಾಟಗಾರನ ವಿಳಾಸ ಬೇಕೆಂದರೆ ಗೂಗಲ್ ಬೇಡ. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಇಲಾಖೆಯ ಜಾಲತಾಣದ ತೆರಿಗೆದಾರರ ಹುಡುಕಾಟದಲ್ಲಿ ಹಾಕಿ, ನೋಂದಾಯಿತ ಹೆಸರು, ವಿಳಾಸ ಬರುತ್ತದೆ.

ಥೇಮ್ಸ್ ದಂಡೆ | ಜೂನ್ 18, ಮಧ್ಯರಾತ್ರಿ 1.05

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ದೋಷವಿದ್ದರೆ 30 ದಿನದೊಳಗೆ ಸರಕು ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು. ಆಮೇಲಾದರೂ ಆರು ತಿಂಗಳೊಳಗೆ ಕಂಡ ದೋಷ ಮೊದಲಿನಿಂದಲೇ ಇತ್ತೆಂದು ಭಾವಿಸಲಾಗುತ್ತದೆ, ಹಾಗಲ್ಲ ಎಂದು ಸಾಬೀತು ಮಾಡುವ ಹೊರೆ ಅಂಗಡಿಯದು. ನಮ್ಮಲ್ಲೂ ಸಾಬೀತಿನ ಹೊರೆ ಹೀಗೆ ತಿರುಗಿದರೆ ಚೆನ್ನ.

ಕೊಪ್ಪದ ಕಾಫಿ | ಜೂನ್ 18, ಬೆಳಿಗ್ಗೆ 6.20

ಅಲ್ಲಿ ಗ್ರೈಂಡರ್ ಎಲ್ಲಿ ಸಿಗುತ್ತದೆ ಅದನ್ನು ಹೇಳಿ.

ಥೇಮ್ಸ್ ದಂಡೆ | ಜೂನ್ 18, ಮಧ್ಯಾಹ್ನ 2.10

ಊರಿನಿಂದ ಸೂಟ್‌ಕೇಸಿನಲ್ಲಿ ತಂದದ್ದು. ಬಟ್ಟೆ ಬಿಟ್ಟು ಕಲ್ಲು ತಂದೆ.

ಪೇಡೆ ಪೆಟ್ಟಿಗೆ | ಜೂನ್ 21, ಬೆಳಿಗ್ಗೆ 11.00

ಧಾರವಾಡದವನು. ಗ್ರಾಹಕರ ಆಯೋಗದವರೆಗೆ ಹೋಗಿ ಬಂದಿದ್ದೇನೆ, ಆದ್ದರಿಂದ ಮುಂದಿನ ದಾರಿಯನ್ನು ಬರೆದಿಡುತ್ತೇನೆ. ಅಕ್ಕನಿಗೆ ಬೇಕಾಗದಿರಲಿ.

ನನ್ನದು 18,400 ರೂಪಾಯಿಯ ಮೊಬೈಲ್, ಹದಿನೈದನೇ ದಿನಕ್ಕೆ ಪರದೆ ಹಸಿರಾಯಿತು. ಮೊದಲು 1915ಕ್ಕೆ ಕರೆ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ದೂರಿಗೆ ಸಂಖ್ಯೆ ಕೊಟ್ಟು ಕಂಪನಿಗೆ ಕಳಿಸುತ್ತಾರೆ. ಅದು ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದರೂ ಬಹಳ ಕಂಪನಿಗಳು ಅಲ್ಲಿಂದ ಬಂದ ದೂರಿಗೆ ಬೇರೆ ಮರ್ಯಾದೆ ಕೊಡುತ್ತವೆ. ನನ್ನ ವಿಷಯದಲ್ಲಿ ಕೊಡಲಿಲ್ಲ.

ಆಮೇಲೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿ ಗುರುಗ್ರಾಮದಲ್ಲಿರಲಿ, ಕೊಯಮತ್ತೂರಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರ ಇದು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ದೋಷ ಕಂಡಾಗಿನಿಂದ ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಕಡ್ಡಾಯವಲ್ಲ. ನಾನು ಕನ್ನಡದಲ್ಲೇ ಬರೆದು ಕೊಟ್ಟೆ, ಕಚೇರಿಯಲ್ಲಿ ತೆಗೆದುಕೊಂಡರು. ದೂರು, ಅಫಿಡವಿಟ್, ಬಿಲ್, ಪತ್ರವ್ಯವಹಾರ, ಎದುರುದಾರರು ಎಷ್ಟು ಮಂದಿಯೋ ಅಷ್ಟು ಪ್ರತಿ. ಈಗ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, 2025ರ ಜನವರಿ 1ರಂದು ಬಂತು. ಮಾರಾಟಗಾರ, ತಯಾರಕ, ತಾಣ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ಬಿಟ್ಟವರತ್ತ ಬೆರಳು ತೋರಿಸುತ್ತಾರೆ.

ಈಗ ಕಹಿ ಭಾಗ. ಪ್ರಯೋಗಾಲಯದ ಪರೀಕ್ಷೆ ಬೇಡವಾದರೆ ಮೂರು ತಿಂಗಳು, ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ಸಲ ಎದುರುದಾರರ ವಕೀಲರು ಬರಲಿಲ್ಲ, ಒಂದು ಸಲ ಅಧ್ಯಕ್ಷರು ರಜೆ, ಒಂದು ಸಲ ನಾನೇ ದಿನಾಂಕ ತಪ್ಪಿಸಿದೆ. ಕೊನೆಗೆ ಬೆಲೆ, ಬಡ್ಡಿ, ಸ್ವಲ್ಪ ಪರಿಹಾರ, ವೆಚ್ಚ ಎಲ್ಲ ಸೇರಿಸಿ ಆದೇಶವಾಯಿತು. ಅದನ್ನೂ ಅವರು ಕೊಡದೆ ಕೂತಾಗ ಆದೇಶ ಜಾರಿಗೆ ಅರ್ಜಿ ಹಾಕಿದೆ. ಆದೇಶ ಪಾಲಿಸದವರಿಗೆ 72ನೇ ಕಲಮಿನಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಇದೆ. ನೋಟಿಸು ಹೋದ ಹನ್ನೊಂದನೇ ದಿನ ಹಣ ಬಂತು.

ಕರಾವಳಿ ಮಳೆ | ಜೂನ್ 21, ಮಧ್ಯಾಹ್ನ 12.15

ಹದಿನಾಲ್ಕು ತಿಂಗಳು! ನನ್ನ ತಮ್ಮ ಕೈಬಿಟ್ಟದ್ದು ತಪ್ಪೆಂದು ಈಗಲೂ ಅನ್ನಿಸುತ್ತಿಲ್ಲ.

ಪೇಡೆ ಪೆಟ್ಟಿಗೆ | ಜೂನ್ 21, ಮಧ್ಯಾಹ್ನ 12.40

ಎರಡು ವರ್ಷ ಮುಗಿದಿಲ್ಲವಾದರೆ ತಮ್ಮನಿಗೆ ಈಗಲೂ ಸಮಯವಿದೆ. ಹೆಡ್‌ಫೋನಿಗಾಗಿ ಅಲ್ಲದಿದ್ದರೂ ಆ ಆರು ತಿಂಗಳ ಅಲೆದಾಟಕ್ಕಾಗಿ.

ರುಬ್ಬುಗುಂಡು | ಜುಲೈ 4, ರಾತ್ರಿ 8.30

ವಿಷಯ ಮುಗಿಯಿತು, ಒಪ್ಪಿಸುತ್ತೇನೆ. ಜೂನ್ 19ರಂದು ಕುಂದುಕೊರತೆ ಅಧಿಕಾರಿಯ ಕಚೇರಿಯಿಂದ, ‘ವಿಶೇಷ ಪ್ರಕರಣವಾಗಿ’ ಆ್ಯಪಿನ ವಾಲೆಟ್‌ಗೆ 2,500 ಹಾಕುತ್ತೇವೆ ಎಂದು ಬಂತು. ಬೇಡ, ಪೂರ್ತಿ ಹಣ, ಬ್ಯಾಂಕ್ ಖಾತೆಗೆ ಎಂದು ಮರುದಿನವೇ ಬರೆದೆ. ನಾಲ್ಕು ದಿನ ಮೌನ. 24ರಂದು 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ಎಲ್ಲ ಹೇಳಿದೆ, ಆ ಹುಡುಗಿ ತಾಳ್ಮೆಯಿಂದ ಬರೆದುಕೊಂಡಳು. ಬಂದ ದೂರಿನ ಸಂಖ್ಯೆಯನ್ನು ಅದೇ ಮಿಂಚಂಚೆಗೆ ಸೇರಿಸಿ, ಮುಂದೆ ಹಾಸನದ ಜಿಲ್ಲಾ ಆಯೋಗಕ್ಕೆ ಹೋಗುವೆ ಎಂದು ಒಂದು ಸಾಲು ಬರೆದೆ. 27ಕ್ಕೆ ಒಪ್ಪಿದರು.

ಪೆಟ್ಟಿಗೆ ಒಯ್ಯಲು ಬಂದ ಹುಡುಗ ಥರ್ಮಕೋಲ್ ಎಲ್ಲಿ ಎಂದ. ಅಟ್ಟದಲ್ಲಿತ್ತು, ಪುಣ್ಯ. ಅವನ ಫೋನಿನಲ್ಲಿ ಒಂದು ಪ್ರಶ್ನೆ, ‘ವಸ್ತು ಬಳಸಿದಂತೆ ಕಾಣುತ್ತಿದೆಯೇ?’ ಎಂದು. ಹೌದು ಎಂದು ಒತ್ತಿದರೆ ವಾಪಸ್ ತಿರಸ್ಕೃತವಾಗುತ್ತದಂತೆ. ಬಳಸದೆ ಕೆಟ್ಟಿದ್ದು ತಿಳಿಯುವುದು ಹೇಗಪ್ಪ ಎಂದೆ. ಅವನು ಪಾತ್ರೆಯೊಳಗೆ ಬೆರಳಾಡಿಸಿ, ಬೆರಳ ತುದಿಯ ಕಪ್ಪನ್ನು ನೋಡಿ, ಅದನ್ನೇ ಫೋಟೊ ತೆಗೆದು ಹಾಕಿಕೊಂಡ. ಜುಲೈ 3ರಂದು 3,849 ರೂಪಾಯಿ ಖಾತೆಗೆ ಬಂತು. ಯುಟಿಆರ್ ಸಂಖ್ಯೆಯನ್ನೂ ಕೇಳಿ ಪಡೆದೆ, ಬೇಕಾಗಲಿಲ್ಲ.

ಸೋಲ್ಡರಿಂಗ್ ಕಡ್ಡಿ | ಜುಲೈ 4, ರಾತ್ರಿ 8.55

ಸಂತೋಷ. ಮುಂದಿನದನ್ನು ಕೊಳ್ಳುವ ಮೊದಲು ಆ ಮಾದರಿಯ ಬೆಲ್ಟ್ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಆ ಗ್ರೈಂಡರ್ ಬೇಡ.

ರುಬ್ಬುಗುಂಡು | ಜುಲೈ 4, ರಾತ್ರಿ 9.10

ಪೇಟೆಯಲ್ಲೇ ತೆಗೆದುಕೊಂಡೆ. ಚೌಕಾಸಿ ಮಾಡಿ 4,650ಕ್ಕೆ. ಕೊಪ್ಪದವರು ಇನ್ನು ಸುಮ್ಮನಿರಬಹುದು.

ಬಿಸಿನೀರು | ಜುಲೈ 6, ಬೆಳಿಗ್ಗೆ 7.40

ಇದನ್ನೆಲ್ಲ ಓದಿ ಧೈರ್ಯ ಬಂತು. ನನ್ನದು ನೀರು ಕಾಯಿಸುವ ಕಾಯಿಲ್, ಆನ್‌ಲೈನಿನಲ್ಲಿ ಕೊಂಡದ್ದು, ಒಂಬತ್ತನೇ ದಿನ. ಬಕೆಟಿನ ನೀರು ಮುಟ್ಟಿದರೆ ಜುಮ್ ಎನ್ನುತ್ತದೆ. ಪೆಟ್ಟಿಗೆ ಎಸೆದುಬಿಟ್ಟಿದ್ದೇನೆ. ನನಗೂ ಹಣ ಬರುತ್ತದೆಯೇ?

ಸೋಲ್ಡರಿಂಗ್ ಕಡ್ಡಿ | ಜುಲೈ 6, ಬೆಳಿಗ್ಗೆ 7.44

ಮೊದಲು ಪ್ಲಗ್ ಕಿತ್ತುಬಿಡಿ. ಇನ್ನು ಒಂದು ಸಲವೂ ಪರೀಕ್ಷಿಸಲು ಹೋಗಬೇಡಿ, ವಿಡಿಯೊಗಾಗಿಯೂ ಬೇಡ. ಹಿಡಿಯ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇದೆಯೇ? ಇಂಥ ಕಾಯಿಲಿಗೆ ಆ ಗುರುತು ಕಡ್ಡಾಯ. ಆ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ನಿವೃತ್ತ ಗುಮಾಸ್ತ | ಜುಲೈ 6, ಬೆಳಿಗ್ಗೆ 8.02

ಪೆಟ್ಟಿಗೆ ಹೋದರೆ ಹೋಗಲಿ. ಬಿಲ್ ಇದೆಯೇ?